ಅತ್ತಿಗೆ ಕೈ ತಡೆದ ಗಳಿಗೆ

ನಮ್ಮ ಅತ್ತಿಗೆ ಯಾರನ್ನು ಕಂಡರೂ ಮೊದಲು ನೋಡುವುದು ಕಾಲನ್ನು. ಮುಖದ ಸರದಿ ಆಮೇಲೆ. ಮದುವೆಯಾದ ಹೊಸದರಲ್ಲಿ ನಮ್ಮಪ್ಪ, "ಸೊಸೆ ತಲೆ ತಗ್ಗಿಸಿಯೇ ಮಾತಾಡ್ತಾಳೆ, ಎಂಥ ವಿನಯ" ಎಂದು ಬೀಗುತ್ತಿದ್ದರು. ಆಕೆ ನೋಡುತ್ತಿದ್ದುದು ಅವರ ಊದಿದ ಪಾದವನ್ನೆಂದು ಗೊತ್ತಾದದ್ದು ಆಮೇಲೆ.

ಅತ್ತಿಗೆ ಚರ್ಮದ ಡಾಕ್ಟರು. ಬಿಳಿ ಕೋಟಿನ ಒಂದು ಜೇಬು ಪುಟ್ಟ ಟಾರ್ಚಿನ ಭಾರಕ್ಕೆ ಸದಾ ಜೋತುಬಿದ್ದಿರುತ್ತದೆ, ನಡಿಗೆ ತುಂಬಿದ ಕೊಡ ಹೊತ್ತವರದು, ಊಟಕ್ಕೆ ಏಳಿ ಎಂದರೂ ಬರುವ ಉತ್ತರ, "ನೋಡೋಣ."

ನನ್ನ ಅಕ್ಕ ಹುಡುಗಿಯರಿಗೆ ಈಜು ಕಲಿಸುವವಳು. ದಿನವಿಡೀ ಕೊಳದಂಚಿನಲ್ಲಿ ನಿಂತು, ಎರಡು ಹೆರಿಗೆಯೂ ಆದ ಮೇಲೆ, ಅವಳ ಕಾಲುಗಳ ಮೇಲೆ ಕೆಂಪು-ನೀಲಿ ರಕ್ತನಾಳಗಳು ಜೇಡರ ಬಲೆಯಂತೆ ಹರಡಿಕೊಂಡವು. ನೋವಿಲ್ಲ, ರೋಗವೂ ಅಲ್ಲ. ಆದರೂ ಮೀನಿನಂತಿದ್ದವಳು ನೀರಿಗಿಳಿಯುವುದನ್ನೇ ಬಿಟ್ಟು, ಉದ್ದ ಪ್ಯಾಂಟು ತೊಟ್ಟು ದಡದಿಂದಲೇ ಕೂಗಿ ಕಲಿಸತೊಡಗಿದಳು. ಬೇಸಿಗೆಯ ಪಂದ್ಯದಲ್ಲಿ ಕಲಿಸುವವರೂ ಈಜಬೇಕೆಂದು ನಿಶ್ಚಯವಾದಾಗ ಅತ್ತಿಗೆಯ ಎದುರು ಬಂದು ಕೂತಳು.

"ಅಷ್ಟರೊಳಗೆ ಎರಡು ಕಾಲೂ ಸರಿಹೋಗ್ಬೇಕು ಅತ್ತಿಗೆ."

"ನೋಡೋಣ."

ಲೇಸರ್ ಬೆಳಕಿನಿಂದ ಆ ನಾಳಗಳನ್ನು ಅಳಿಸುವ ದಿನ ನಾನೂ ಜೊತೆಗಿದ್ದೆ. ಮೂವರ ಕಣ್ಣಿಗೂ ದಪ್ಪ ಕನ್ನಡಕ, ಅಕ್ಕನ ಕಾಲಿಗೆ ತಣ್ಣನೆಯ ಜೆಲ್. ಅತ್ತಿಗೆ ನೆಲಕ್ಕೆ ಮೊಣಕಾಲೂರಿ, ಲೇಸರಿನ ಮೊದಲ ಏಟನ್ನು ತಮ್ಮ ಮೀನಖಂಡಕ್ಕೇ ಬಿಟ್ಟುಕೊಂಡು, "ಇಷ್ಟು ಚುರುಕ್ ಅನ್ನುತ್ತೆ, ಸಿದ್ಧವಾಗಿರು" ಎಂದರು. ರಬ್ಬರ್ ಬ್ಯಾಂಡ್ ಎಳೆದು ಬಿಟ್ಟಂತೆ ಟಪ್, ಟಪ್. ನನ್ನ ಕಣ್ಣೆದುರೇ ಕೆಂಪು ಎಳೆಯೊಂದು ಒದ್ದೆ ಬಟ್ಟೆಯಿಂದ ಒರೆಸಿದಂತೆ ಇಲ್ಲವಾಯಿತು.

ಬಲಗಾಲು ಮುಗಿಯಿತು. ಎಡಗಾಲು ಶುರುವಾಗಿತ್ತಷ್ಟೆ, ಅತ್ತಿಗೆಯ ಕೈ ನಿಂತಿತು. ಸಾಸಿವೆಯಷ್ಟು ಜಾಗ ಬೂದಿಬಣ್ಣಕ್ಕೆ ತಿರುಗಿದೆಯೆಂದರು. ನನಗಂತೂ ಏನೂ ಕಾಣಲಿಲ್ಲ. ಯಂತ್ರ ಆರಿಸಿ ಐಸ್ ಒತ್ತಿದರು.

"ಪಂದ್ಯದ ದಿನ ನಾನೇನು ಒಂಟಿಕಾಲಲ್ಲಿ ಕುಂಟಾಬಿಲ್ಲೆ ಆಡಲಾ?"

"ಈ ಕಾಲಿನ ಚರ್ಮ ಇವತ್ತು ತಡ್ಕೊಳ್ತಿಲ್ಲ. ಹಟ ಮಾಡಿದ್ರೆ ಎಳೆ ಹೋಗಿ ಅದರ ಜಾಗದಲ್ಲಿ ಸುಟ್ಟ ಕಲೆ ಉಳಿಯುತ್ತೆ."

"ನಾದಿನಿ ಅಂತ ತಾತ್ಸಾರ. ಬೇರೆಯವರಾಗಿದ್ರೆ ಮಾಡ್ತಿದ್ರಿ."

"ಬೈಯೋದೆಲ್ಲ ಬೈದುಬಿಡು. ಯಂತ್ರ ಮಾತ್ರ ಮತ್ತೆ ಮುಟ್ಟಲ್ಲ."

ಅಕ್ಕ ಅತ್ತಳು. ಅತ್ತಿಗೆ ಐಸನ್ನು ಅತ್ತಿತ್ತ ಸರಿಸುತ್ತ ಕೂತೇ ಇದ್ದರು. ಎಳೆ ಮಾಯವಾದದ್ದಕ್ಕಿಂತ ಆ ಕೂತ ಭಂಗಿ ನನ್ನನ್ನು ಬೆರಗಾಗಿಸಿತು.

ಪಂದ್ಯದ ದಿನ ಅಕ್ಕ ಉದ್ದ ಪ್ಯಾಂಟಿನಲ್ಲಿ ದಡದ ಮೇಲೇ ಉಳಿದಳು. ಪಕ್ಕದಲ್ಲೇ ಇದ್ದ ಅತ್ತಿಗೆಯ ಕಡೆ ತಿರುಗಿಯೂ ನೋಡಲಿಲ್ಲ. ಆ ಪುಟ್ಟ ಕಲೆ ಪೂರ್ತಿ ಮಾಸಿದ ಮೇಲೆ, ಏಟಿನ ಬಿರುಸು ತಗ್ಗಿಸಿ, ತಿಂಗಳುಗಟ್ಟಲೆ ಬಿಡುವು ಕೊಟ್ಟು, ಎಡಗಾಲೂ ಮುಗಿಯಿತು. ಅಲ್ಲೊಂದು ಇಲ್ಲೊಂದು ಎಳೆ ಇನ್ನೂ ಇದೆ. ಒಂದು ಸಾಧಾರಣ ಬೆಳಗ್ಗೆ, ಚಪ್ಪಾಳೆ ತಟ್ಟಲು ಯಾರೂ ಇಲ್ಲದಾಗ, ಅಕ್ಕ ನೀರಿಗೆ ಧುಮುಕಿದಳು.

ಮಾಡಬಲ್ಲವರು ಲೋಕದಲ್ಲಿ ಬೇಕಾದಷ್ಟು ಮಂದಿ ಸಿಗುತ್ತಾರೆ. ಬಲವು ಕೈಯೊಳಗೇ ಇರುವಾಗ, ತಮ್ಮವರೇ ಎದುರು ಕೂತು ಅತ್ತು ಬೇಡುವಾಗ, ಆ ಕೈಯನ್ನು ಹಿಂದೆಗೆದು ನಿಷ್ಠುರ ಹೊರುವವರ ಸಂತತಿ ಬಹಳ ಸಣ್ಣದು. ಅವರಿಗೆ ಹೊಗಳಿಕೆ ಸಲ್ಲುವುದೂ ಕಷ್ಟ. ಆಗದೇ ಹೋದ ಗಾಯಕ್ಕೆ ಗುರುತೆಲ್ಲಿಂದ ಬರಬೇಕು?