ಕೊನೇ ಬೆಂಚಿನ ಬಗ್ಗಿದ ತಲೆ

ನಿಂತಿತು, ಕಿಟಕಿ ಕಡೆಯ ಯಾವುದೋ ಪೆನ್ನು ನಿಂತಿತು, ಓಡುವ ಪೆನ್ನು ಗಕ್ಕನೆ ನಿಂತರೆ ಒಂದೋ ಶಾಯಿ ಮುಗಿದಿರಬೇಕು ಇಲ್ಲವೇ ಕಣ್ಣು ಪಕ್ಕದ ಹಾಳೆಗೆ ಹೋಗಿರಬೇಕು, ಶಾಯಿ ಮುಗಿದವನಾದರೆ ಕೊಡವುತ್ತಾನೆ, ಇವನು ಕೊಡವಲಿಲ್ಲ — ಕಿಟಕಿ ಪಕ್ಕದವನೇ, ನಿನ್ನ ಹಾಳೆ ನಿನ್ನ ಎದುರಿಗೇ ಇದೆ, ಕತ್ತು ಯಾಕೆ ಉಳುಕಿಸ್ಕೋತೀಯ, ಎಂದಳು ಲೆಕ್ಕದ ಮಿಸ್ಸು, ತಿರುಗಿಯೂ ನೋಡದೆ, ನೋಡಿದ್ದರೂ ಅಷ್ಟೇ, ಮಂಜು ಹಿಡಿದ ಗಾಜಿನಾಚೆ ಬಣ್ಣದ ಮುದ್ದೆಗಳು ಕೂತ ಹಾಗೆ ಕಾಣುತ್ತದೆ ಕ್ಲಾಸು, ವರ್ಷದಿಂದ ಹೀಗೇ — ಪೆನ್ನು ಮತ್ತೆ ಓಡಿತು, ಸಿಕ್ಕಿಬಿದ್ದ ಪೆನ್ನು ಯಾವಾಗಲೂ ಒಂದು ಚೂರು ಜಾಸ್ತಿ ಜೋರಾಗಿಯೇ ಓಡುತ್ತದೆ, ದುರ್ಬೀನು ಎಂದು ಹೆಸರಿಟ್ಟಿದ್ದಾರಲ್ಲ ಮಕ್ಕಳು, ಇಟ್ಟುಕೊಳ್ಳಲಿ, ದುರ್ಬೀನಿಗೆ ಪೊರೆ ಬಂದಿದೆ ಎಂದು ಗೊತ್ತಾಗದಿದ್ದರೆ ಸಾಕು, ಗೊತ್ತಿರುವುದು ತಂಗಿ ಒಬ್ಬಳಿಗೆ, ಫೋನಿನಲ್ಲಿ ಅವಳದು ಒಂದೇ ರಾಗ, ಅಕ್ಕಾ, ಆಪರೇಷನ್ನು ಅರ್ಧ ಗಂಟೆ ಕೆಲಸ ಕಣೇ, ಏನೂ ನೋವಾಗಲ್ಲ, ಅವಳಿಗೇನು, ಕಣ್ಣು ಅವಳದಲ್ಲವಲ್ಲ, ಕಣ್ಣಿನ ಹತ್ತಿರ ಸೂಜಿ ಬರುತ್ತದೆ ಎಂದು ಕೇಳಿದರೇ ಇವಳು ಫೋನು ಇಟ್ಟುಬಿಡುತ್ತಾಳೆ, ಆದರೆ ದೊಡ್ಡ ಮೇಡಮ್ಮಿಗೆ ವಾಸನೆ ಬಡಿದಿದೆ, ಹೋದ ತಿಂಗಳು ಇವಳು ಹಾಜರಿ ಪುಸ್ತಕ ಬಿಟ್ಟು ಮೇಜಿನ ಮೇಲೆ ಸಹಿ ಹಾಕಿದ್ದನ್ನು ನೋಡಿಬಿಟ್ಟರು, ಕಾಣದೇ ಇರೋರ ಕೈಗೆ ಪರೀಕ್ಷೆ ಹೇಗ್ರೀ ಕೊಡೋದು, ಕಷ್ಟ ಆದ್ರೆ ಹೇಳಿ, ಕ್ಲಾಸು ಬೇರೆಯವರಿಗೆ ಕೊಟ್ಟು ನಿಮ್ಮನ್ನ ಆಫೀಸಿಗೆ ಹಾಕ್ತೀನಿ — ಆಫೀಸಂತೆ, ಅಲ್ಲಿ ಯಾರನ್ನು ಗದರಿಸುವುದು, ಬೀರುವನ್ನೇ, ಮನೆಯಲ್ಲಂತೂ ಗದರಿಸಲು ಒಂದು ಬೆಕ್ಕೂ ಇಲ್ಲ, ಈ ಕ್ಲಾಸೊಂದು ಹೋದರೆ ತಾನು ಬೆಳಿಗ್ಗೆ ಏಳುವುದಾದರೂ ಯಾಕೆ.

ಅದಕ್ಕೇ ಬಂದೋಬಸ್ತು ಬಿಗಿ, ಬೆಂಚಿಗೆ ಇಬ್ಬರೇ, ಚೀಲಗಳು ನನ್ನ ಕಣ್ಣಿಗೆ ಬೀಳಬಾರದು ಎಂದಳು, ಎಲ್ಲೋ ಇಟ್ಟರು, ಬೀಳಲಿಲ್ಲ, ಕಾರ್ಬನ್ನು ಬಾಗಿಲ ಪಕ್ಕ ಮೊದಲ ಬೆಂಚಿನಲ್ಲಿ, ಮೂಗಿನ ಕೆಳಗೇ, ಆ ಹುಡುಗಿಗೆ ಆ ಹೆಸರಿಟ್ಟಿದ್ದು ಸ್ಟಾಫ್ ರೂಮಿನವರು, ಪಕ್ಕದವಳು ಕಾಟು ಹೊಡೆದದ್ದನ್ನು ಕಾಟಿನ ಸಮೇತ ಇಳಿಸಿದವಳು, ಅವಳನ್ನು ಹಿಡಿದಷ್ಟು ಸಲ ಇನ್ಯಾರನ್ನೂ ಹಿಡಿದಿಲ್ಲ, ಬೂಟಿನ ಅಟ್ಟೆ ಬಿಟ್ಟುಕೊಂಡಿದೆ, ನಡೆದರೆ ಚಪ್ ಚಪ್ ಎನ್ನುತ್ತದೆ, ಪುಣ್ಯ — ಆದರೆ ಕೊನೇ ಬೆಂಚಿನಲ್ಲಿ ಅದ್ಯಾರು, ಒಂದು ನೀಲಿ ಮುದ್ದೆ, ತಲೆ ಬಗ್ಗಿಸಿದ್ದು ಎತ್ತೇ ಇಲ್ಲ, ಹೋದ ಪರೀಕ್ಷೆಯಲ್ಲೂ ಹೀಗೇ ಕೂತಿತ್ತು, ಆವತ್ತು ಹೊಗಳಿದ್ದಳು, ನೋಡ್ರೋ ಆ ಮಗೂನ, ಆ ಕಡೆ ಈ ಕಡೆ ನೋಡದೆ ಬರೀತಿದೆ, ಅದನ್ನ ನೋಡಿ ಕಲೀರಿ, ಕ್ಲಾಸು ಗಪ್‌ಚುಪ್ ಕೇಳಿತ್ತು, ಒಂದು ಕಿಸಕ್ ಇಲ್ಲ, ಇವತ್ತು ಅನುಮಾನ, ಇಷ್ಟು ಹೊತ್ತು ಕತ್ತು ನೋಯದೆ ಯಾರು ಬರೆಯುತ್ತಾರೆ, ತೊಡೆ ಮೇಲೆ ಪುಸ್ತಕ ಇರಬೇಕು — ಕೊನೇ ಬೆಂಚು, ತಲೆ ಎತ್ತು, ಎತ್ತಲಿಲ್ಲ, ನಿನಗೇ ಹೇಳ್ತಿರೋದು, ಕಿವಿ ಮನೇಲಿಟ್ಟು ಬಂದಿದೀಯಾ, ಎತ್ತಲಿಲ್ಲ, ಎಂಥ ಪೊಗರು, ಇಷ್ಟು ವರ್ಷದಲ್ಲಿ ಇಷ್ಟು ಪೊಗರಿನದನ್ನು ನೋಡಿಲ್ಲ, ತಲೆ ಎತ್ತು ಅಂದೆ, ಪೆನ್ನುಗಳೆಲ್ಲ ನಿಂತವು, ವರಾಂಡದಲ್ಲಿ ಟಕ್ ಟಕ್ ಟಕ್, ದೊಡ್ಡ ಮೇಡಂ, ಆ ಹಿಮ್ಮಡಿ ಸದ್ದು ನಿದ್ದೆಯಲ್ಲೂ ಗುರುತು ಸಿಗುತ್ತದೆ, ಈಗಲೇ ಬರಬೇಕಿತ್ತಾ — ಚಪ್ ಚಪ್ ಚಪ್, ಪಕ್ಕದಲ್ಲೇ ಗಾಳಿ ಹಾಯಿತು, ಕಾರ್ಬನ್ನು ಜಾಗ ಬಿಟ್ಟು ಓಡುತ್ತಿದೆ, ಪರೀಕ್ಷೆಯ ನಡುವೆ, ಏಯ್ ಎನ್ನುವಷ್ಟರಲ್ಲಿ ಟಕ್ ಟಕ್ ಬಾಗಿಲಿಗೆ ಬಂದು ನಿಂತಿತು, ಏನ್ರೀ ಮಿಸ್ ಗಲಾಟೆ, ಯಾರು, ಎಂಬ ದನಿ, ಬೆರಳು ತಾನಾಗಿ ಕೊನೇ ಬೆಂಚಿನ ಕಡೆ ಎದ್ದಿತು, ಅಲ್ಲಿಂದ, ನೀಲಿ ಮುದ್ದೆಯ ಹತ್ತಿರದಿಂದ, ಏದುಸಿರು ನುಂಗಿಕೊಂಡು ಒಂದು ದನಿ — ಸಾರಿ ಮಿಸ್, ತಪ್ಪಾಯ್ತು, ಇನ್ಮೇಲೆ ಕಾಪಿ ಮಾಡಲ್ಲ — ಭೇಷ್ ಮಿಸ್, ಕೊನೇ ಬೆಂಚಿನವರೆಗೂ ಕಾಣುತ್ತಲ್ರೀ ನಿಮಗೆ, ನಾನೇ ತಪ್ಪು ತಿಳ್ಕೊಂಡಿದ್ದೆ, ಕ್ಲಾಸು ನಿಮ್ಮ ಹತ್ರಾನೇ ಇರ್ಲಿ ಬಿಡಿ, ಎಂದರು ದೊಡ್ಡ ಮೇಡಂ, ಟಕ್ ಟಕ್ ದೂರವಾಯಿತು.

ಗೆದ್ದಳಲ್ಲ, ಖುಷಿಯಾಗಬೇಕಿತ್ತು, ಆದರೆ ಆ ದನಿ ಕಾರ್ಬನ್ನಿನದು, ಹಾಗಾದರೆ ತಲೆ ಬಗ್ಗಿಸಿ ಕೂತದ್ದು ಯಾರು — ಬೆಂಚುಗಳನ್ನು ತಡವುತ್ತಾ ಹೋದಳು, ಮಕ್ಕಳು ಮೊಣಕೈ ಹಿಂದಕ್ಕೆಳೆದು ದಾರಿ ಬಿಡುತ್ತಿದ್ದಾರೆ, ಯಾರೂ ಬಿಡಿ ಎಂದು ಹೇಳಿಲ್ಲ, ಅಭ್ಯಾಸವಾದವರ ಹಾಗೆ ಬಿಡುತ್ತಿದ್ದಾರೆ, ಕೊನೇ ಬೆಂಚು ಬಂತು, ತಲೆಯ ಮೇಲೆ ಕೈಯಿಟ್ಟಳು, ತಲೆ ಮೆತ್ತಗೆ ಒಳಕ್ಕೆ ಕುಸಿಯಿತು, ಜಾಕೆಟ್ಟಿನ ಟೊಪ್ಪಿ, ಕೆಳಗೆ ಚೀಲ, ಅದರ ಕೆಳಗೆ ಇನ್ನೊಂದು ಚೀಲ, ಇಡೀ ಕ್ಲಾಸಿನ ಚೀಲಗಳು, ಮಿಸ್, ಎಂದಿತು ಪಕ್ಕದಲ್ಲಿ ಏದುಸಿರು, ಎದ್ದು ಬಂದಿದ್ದಕ್ಕೆ ಮಾರ್ಕ್ಸ್ ಕಟ್ ಮಾಡ್ಬೇಡಿ ಮಿಸ್, ಇವತ್ತು ಎಲ್ಲಾ ನಾನೇ ಮಾಡಿದೀನಿ, ಬೇಕಾದ್ರೆ ನೋಡಿ, ಎಲ್ಲಾ ತಪ್ಪಿದೆ — ಯಾವಾಗಿಂದ ಗೊತ್ತು ಇವಕ್ಕೆ, ತನಗೆ ಕಾಣುವುದಿಲ್ಲವೆಂದು, ಕೇಳಬೇಕು, ನಾಚಿಕೆಯಾಗುತ್ತಿದೆ, ಯಾರು ಯಾರಿಗೆ ಹೇಳಿಕೊಟ್ಟರು ಇದನ್ನು, ಒಬ್ಬನನ್ನಾದರೂ ಹಿಡಿಯಬೇಕಲ್ಲ, ಎಲ್ಲರೂ ಸೇರಿ ಮಾಡಿದರೆ ಯಾರನ್ನು ಹಿಡಿಯುವುದು, ಹೋದ ಪರೀಕ್ಷೆಯಲ್ಲಿ ಇದನ್ನೇ ಹೊಗಳಿದ್ದಳು, ಇದನ್ನ ನೋಡಿ ಕಲೀರಿ ಅಂದಿದ್ದಳು, ಒಬ್ಬರೂ ನಗಲಿಲ್ಲ, ಅಷ್ಟು ಮಕ್ಕಳು, ಒಬ್ಬರೂ, ಕೈ ಇನ್ನೂ ಟೊಪ್ಪಿಯೊಳಗೇ ಇದೆ, ಬಗ್ಗಿದ ನೀಲಿ ಟೊಪ್ಪಿ, ಒಳಗೆ ಯಾರೂ ಇಲ್ಲ, ಬಗ್ಗಿದ ಟೊಪ್ಪಿ, ಒಬ್ಬರೂ ನಗಲಿಲ್ಲ, ಬಗ್ಗಿದ ನೀಲಿ ಟೊಪ್ಪಿ