ಓಬಮ್ಮ ಆರಿಸಿದ ಕಾಯಿ

"ಈ ಕಾಯಿ ಆರಿಸಿದ ಮುಂಡೆ ಯಾವಳು?"

ಶಾಸಕ ಮರುಳಪ್ಪ ಯಾರ ಮುಖವನ್ನೂ ನೋಡದೆ, ಆಕಾಶವನ್ನು ಕೇಳುವವನಂತೆ ಕೇಳಿದ. ಒಡೆದ ಕಾಯಿಯ ಎರಡು ಹೋಳೂ ಗುದ್ದಲಿಯ ಪಕ್ಕದಲ್ಲಿ ಬಿದ್ದಿದ್ದವು. ಬೆಳ್ಳಗಿರಬೇಕಾದ ಒಳಗು ಬೂದಿಬಣ್ಣಕ್ಕೆ ತಿರುಗಿ ಲೋಳೆಗಟ್ಟಿತ್ತು. ನೀರು ಸಿಡಿದು ಅವನ ಬಿಳಿ ಅಂಗಿಯ ಎದೆ ನೆನೆದಿತ್ತು. ಆ ನಾತಕ್ಕೆ ಪೂಜಾರಿ ಮಂತ್ರ ನಿಲ್ಲಿಸಿ ಹೆಗಲ ಮೇಲಿನ ವಸ್ತ್ರವನ್ನು ಮೂಗಿಗೆ ಒತ್ತಿಕೊಂಡ.

ಹೊನ್ನೇಕಟ್ಟೆಯ ಕಾಲೋನಿಗೆ ಕಾಂಕ್ರೀಟ್ ರಸ್ತೆ ಮಾಡಿಸುವ ಗುದ್ದಲಿ ಪೂಜೆ ಅದು. ರಸ್ತೆ ಕಾಲೋನಿಗೆ, ಪೂಜೆ ಮಾತ್ರ ಕಾಲೋನಿಯ ಆಚೆ, ಬೇವಿನ ಮರದ ಕೆಳಗೆ. ಶಾಸಕನ ಕಾರು ಆ ಮರ ದಾಟಿ ಒಳಗೆ ಬಂದದ್ದನ್ನು ಕಂಡವರಿಲ್ಲ.

ಹಿಂದೆ ನಿಂತಿದ್ದ ಹೆಂಗಸರ ನಡುವಿನಿಂದ ಓಬಮ್ಮ ಒಂದು ಹೆಜ್ಜೆ ಮುಂದೆ ಬಂದಳು.

"ನಾನು ಬುದ್ಧಿ."

ಮರುಳಪ್ಪನ ಕಾಯಿ ಗೋಡೌನಿನಲ್ಲಿ ಮೂವತ್ತು ವರ್ಷದಿಂದ ಕಾಯಿ ಆರಿಸುತ್ತಿದ್ದವಳು ಅವಳು. ಮರುಳಪ್ಪ ಎರಡೇ ಹೆಜ್ಜೆಗೆ ಬಂದು, ಕೊಳೆತ ನೀರು ಒಸರುತ್ತಿದ್ದ ಅದೇ ಕೈಯಿಂದ ಅವಳ ಕೆನ್ನೆಗೆ ಬಿಟ್ಟ. ಅವಳ ಮೂಗುತಿ ಓರೆಯಾಯಿತು.

"ಥೂ! ನಿಮ್ ಜಾತಿ ಬುದ್ಧಿ ಎಲ್ಲೋಯ್ತದೆ? ದೇವರ ಕಾರ್ಯಕ್ಕೆ ಕೊಳ್ತಿದ್ದು ಕೊಡ್ತೀಯೇನೇ, ಬೇವಾರ್ಸಿ!"

ಸುತ್ತಲೂ ಎದ್ದಿದ್ದ ಮೊಬೈಲುಗಳು ಎದ್ದ ಹಾಗೇ ಇದ್ದವು. ಓಬಮ್ಮ ಅಳಲಿಲ್ಲ. ಸೆರಗಿನಿಂದ ಕೆನ್ನೆ ಒರೆಸಿಕೊಂಡು, ಮೂಗುತಿ ಸರಿಮಾಡಿಕೊಂಡು, ಬಂದ ಜಾಗಕ್ಕೇ ಹೋಗಿ ನಿಂತಳು.

ಅವತ್ತು ಸಂಜೆಯೊಳಗೆ ಆ ಏಟನ್ನು ಮೂರು ತಾಲ್ಲೂಕಿನ ಜನ ನೋಡಿದರು. ನಿಧಾನ ಮಾಡಿ ನೋಡಿದರು, ಹಾಡು ಸೇರಿಸಿ ನೋಡಿದರು. ಟೀವಿಯಲ್ಲಿ ನಾಲ್ಕು ಜನ ಕೂತು ಒಬ್ಬರ ಮಾತಿಗೆ ಒಬ್ಬರು ಅಡ್ಡ ಬಿದ್ದು ಕೂಗಾಡಿದರು. ದಲಿತ ಸಂಘದವರು ಓಬಮ್ಮನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋಗಿ ದೂರು ಬರೆಸಿದರು. ದೂರು ತೆಗೆದುಕೊಂಡ ಪೊಲೀಸು ತಲೆ ಎತ್ತಿ ಅವಳ ಮುಖ ನೋಡಿ, "ನೀನು ಆ ಕುಡಿದು ಬಿದ್ದು ಸತ್ನಲ್ಲ, ಅವನ ಹೆಂಡ್ತಿ ಅಲ್ವೇನಮ್ಮ?" ಅಂದ.

ಏಟಿಗಿಂತ ಆ ಮಾತು ಓಬಮ್ಮನನ್ನು ಹೆಚ್ಚು ಸುಟ್ಟಿತು.

ಅವಳ ಗಂಡ ಹುಚ್ಚರಂಗಯ್ಯ ಹುಟ್ಟಿದಂದಿನಿಂದ ಒಂದು ತೊಟ್ಟು ಹೆಂಡ ಮುಟ್ಟಿದವನಲ್ಲ. ಕೊರಳಲ್ಲಿ ತುಳಸಿಮಣಿ, ಶನಿವಾರ ಒಪ್ಪೊತ್ತು, ಭಜನೆಯಲ್ಲಿ ಮೊದಲ ದನಿ ಅವನದು. ಮರ ಹತ್ತುವ ಮುಂಚೆ ಬುಡ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ. ಮೂರು ವರ್ಷದ ಹಿಂದೆ ಮರುಳಪ್ಪನ ತೋಟಕ್ಕೆ ಬೆಂಗಳೂರಿನಿಂದ ಪಕ್ಷದ ದೊಡ್ಡವರು ಬಂದಿದ್ದರು. ಅವರಿಗೆ ಎಳನೀರು ಇಳಿಸಬೇಕಾಗಿತ್ತು. ಜಡಿಮಳೆ ಹಿಡಿದು ಮರಗಳೆಲ್ಲ ನೆನೆದು ಜಾರುತ್ತಿದ್ದವು. "ಬುದ್ಧಿ, ಮರ ಒದ್ದೆ ಐತೆ, ಬಿಸ್ಲು ಬರ್ಲಿ" ಅಂದ ಹುಚ್ಚರಂಗಯ್ಯ. "ಬಿಸ್ಲು ಬರೋಗಂಟ ಅವರೇನು ನಿನ್ ಉಚ್ಚೆ ಕುಡೀಬೇಕೇನಲೇ? ಹತ್ತು!" ಅಂದ ಮರುಳಪ್ಪ. ಹತ್ತಿದ. ಬಿದ್ದ. ಹೊತ್ತು ಮುಳುಗುವ ಮುಂಚೆ ಹೋದ. ಪೊಲೀಸರ ಕಾಗದದಲ್ಲಿ 'ಮದ್ಯಪಾನ ಮಾಡಿ ಮರ ಹತ್ತಿ' ಎಂದು ಬರೆದರು. ಹೆಣದ ಮುಂದೆ ನಿಂತು ಮರುಳಪ್ಪ ಕಣ್ಣೊರೆಸಿಕೊಂಡು, "ಕುಡೀಬ್ಯಾಡ್ರೋ, ಕುಡೀಬ್ಯಾಡ್ರೋ ಅಂತ ಬಡ್ಕೊಂಡೆ" ಅಂದ. ಎರಡೇ ದಿನ. ಮೂರನೆಯ ದಿನಕ್ಕೆ ಭಜನೆಯವರೂ, "ಪಾಪ, ಒಳ್ಳೇನೇ. ಯಾವಾಗ ಸುರು ಮಾಡ್ಕಂಡ್ನೋ" ಅನ್ನುತ್ತಿದ್ದರು.

ಜನದ ಬಾಯಿ ಹೇಗೆ ತಿರುಗುತ್ತದೆ ಎನ್ನುವುದನ್ನು ಓಬಮ್ಮ ಕಲಿತದ್ದು ಆಗ.

ಈಗಲೂ ಅದು ತಿರುಗತೊಡಗಿತ್ತು. ಒಂದು ವಾರ ಕಳೆದು ಬೀಪಿ ಮಾತ್ರೆಗೆಂದು ತಿಪಟೂರಿಗೆ ಹೊರಟವಳು ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದಳು. ಮುಂದಿನ ಸೀಟಿನಲ್ಲಿ ಇಬ್ಬರು ಗೌಡರ ಮನೆಯ ಹೆಂಗಸರು. ಹಿಂದೆ ಕೂತಿದ್ದ ಇವಳನ್ನು ಅವರು ತಿರುಗಿ ನೋಡಿರಲಿಲ್ಲ.

"ಹೆಂಗ್ಸಿನ ಮ್ಯಾಲೆ ಕೈ ಮಾಡಬಾರ್ದಾಗಿತ್ತು ಕಣ್ರೀ."

"ಅಯ್ಯೋ, ಸಿಟ್ನಾಗೆ ಒಂದೇಟು ಹೊಡೆದ್ರೆ ಏನು ಆಕಾಶ ಕಳಚಿ ಬೀಳ್ತದಾ? ಅದಲ್ಲ ಬುಡಿ. ಕಾಯಿ ಕೆಡ್ತಲ್ಲ!"

"ಹೂಂ ಕಣ್ರೀ, ನಂಗೂ ಅದೇ ಕೊರಗು. ಅಂಥ ತೋಟದೋರು, ಅವರ ಮನೆ ಕಾಯಿನೇ ಅವರ ಕೈಲಿ ಕೆಡ್ತು ಅಂದ್ರೆ..."

"ನಮ್ಮೆಜಮಾನ್ರು ಅಂದ್ರು, ಅವನ ಕಾಲ ಮುಗೀತು ಕಣೇ ಅಂತ. ನಮ್ ಹುಡುಗೀ ಮದ್ವೆಗೆ ಕರೀಬೇಕು ಅಂತಿದ್ವಿ. ಈಗ ಬ್ಯಾಡ ಬುಡು ಅಂತಾವ್ರೆ."

ಓಬಮ್ಮ ಕಿಟಕಿಯ ಆಚೆ ನೋಡಿದಳು. ತೆಂಗು, ತೆಂಗು, ಬರೀ ತೆಂಗು. ಅವಳ ಕೆನ್ನೆ ಯಾರ ಲೆಕ್ಕಕ್ಕೂ ಇಲ್ಲ. ಏಟು ಮೂರು ದಿನಕ್ಕೆ ಹಳತಾಯಿತು. ಕಾಯಿ ಮಾತ್ರ ಮನೆಮನೆಗೆ ಹೋಗಿ ಕೂತಿತ್ತು.

ಕಿಬ್ಬನಹಳ್ಳಿಯಲ್ಲಿ ಹೊಸ ಗೊಬ್ಬರದ ಅಂಗಡಿ ತೆರೆದರು. ಮರುಳಪ್ಪ ಟೇಪು ಕತ್ತರಿಸಿ ಕಾಯಿಗೆ ಕೈ ಚಾಚಿದ. ಅಂಗಡಿಯವನ ತಾಯಿ ನಡುವೆ ಬಂದು, "ಸಾಹೇಬ್ರಿಗೆ ಯಾಕೆ ತೊಂದ್ರೆ? ಕಾಯಿ ನಮ್ ಹುಡುಗ ಒಡೀತಾನೆ" ಎಂದು ನಯವಾಗಿ ಇಸಿದುಕೊಂಡಳು. ನೆರೆದವರು ನೆಲ ನೋಡಿದರು. ಊರಿನ ಮಾರಮ್ಮನ ಗುಡಿಯಲ್ಲೂ ಅವನು ಕೊಟ್ಟ ಕಾಯಿಯನ್ನು ಪೂಜಾರಿ ತಟ್ಟೆಯಲ್ಲೇ ಇಟ್ಟು, ಒಡೆಯದೆ ಹಿಂದಕ್ಕೆ ಕೊಟ್ಟನಂತೆ. ಏಟಿನ ವೀಡಿಯೊಗೆ ನಕ್ಕು ಸುಮ್ಮನಿದ್ದ ಪಕ್ಷದವರು, ಇದನ್ನು ಕೇಳಿ ಮುಂದಿನ ಸಲದ ಟಿಕೆಟ್ಟಿಗೆ ಬೇರೆ ಹೆಸರು ಹುಡುಕುತ್ತಿದ್ದಾರೆ ಎಂದು ಗೋಡೌನಿನ ಹೆಂಗಸರೂ ಮಾತಾಡಿಕೊಂಡರು.

ಓಬಮ್ಮ ಎಲ್ಲವನ್ನೂ ಕಿವಿಯಲ್ಲೇ ತೂಗಿದಳು. ಅವಳ ಕಸುಬೇ ಅದು. ಕಾಯಿಯನ್ನು ಕಿವಿಯ ಪಕ್ಕ ಹಿಡಿದು ಒಂದು ಸಲ ಅಲ್ಲಾಡಿಸಿದರೆ ಸಾಕು. ಅಟ್ಟದಲ್ಲಿ ವರ್ಷ ಒಣಗಿ ಉಂಡೆ ಕೊಬ್ಬರಿಯಾದದ್ದು ಚಿಪ್ಪಿನೊಳಗೆ ಗಡಗಡ ಎನ್ನುತ್ತದೆ. ಪೂಜೆಗೆ ಬರುವ ಹಸಿಕಾಯಿಯ ನೀರು ಗಟ್ಟಿಯಾಗಿ, ಬಿಗಿಯಾಗಿ ಬಡಿಯುತ್ತದೆ. ಕೆಟ್ಟದ್ದರ ನೀರು ಮಂದ, ಒದ್ದೆ ಬಟ್ಟೆ ನೆಲಕ್ಕೆ ಬಿದ್ದ ಹಾಗೆ. ಮೂವತ್ತು ವರ್ಷದಲ್ಲಿ ಅವಳ ಕಿವಿ ತಪ್ಪಿದ್ದಿಲ್ಲ.

ಪೂಜೆಯ ಹಿಂದಿನ ದಿನ ಐವತ್ತು ಕಾಯಿ ಅಲ್ಲಾಡಿಸಿದ್ದಳು. ನಲವತ್ತೇಳನೆಯದು ಮಂದ ಕೂಗಿತು. ಅದರ ಜುಟ್ಟು ಬಾಚಿ, ಅರಿಸಿನ ಹಚ್ಚಿ, ಕುಂಕುಮ ಇಟ್ಟಳು. ಬೆಳಿಗ್ಗೆ ಎದ್ದು ಮನೆಯ ಪಟದ ಮುಂದೆ ದೀಪ ಹಚ್ಚಿ, "ಸ್ವಾಮಿ, ಇದು ನಿಂಗೆ ಕೊಡ್ತಿರೋದಲ್ಲ, ಮನಸ್ಸಿಗೆ ಹಚ್ಕೋಬ್ಯಾಡ" ಎಂದು ಕೈಮುಗಿದಳು. ಮತ್ತೊಂದು ಒಳ್ಳೆಯ ಕಾಯಿಯನ್ನು ಪಟದ ಮುಂದೆ ಒಡೆದೇ ಹೊರಟಳು.

ಹತ್ತನೆಯ ದಿನ ಶಾಸಕನ ಬಲಗೈ ಗಂಗಾಧರ್ ಗೋಡೌನಿಗೆ ಬಂದ. ಕಾಯಿ ರಾಶಿಯ ಪಕ್ಕ ಕರ್ಚೀಫು ಹಾಸಿ ಕೂತ.

"ನೋಡು ಓಬಮ್ಮ, ಕತ್ತಲಾಗಿತ್ತು, ಕಣ್ಣು ಮಂಜು, ರಾಶಿ ತಪ್ಪಿ ತಗಂಡೆ, ತಪ್ಪು ನಂದೇ. ಟೀವಿಯೋರ ಮುಂದೆ ಇಷ್ಟ್ ಹೇಳ್ಬುಡು. ಆಮೇಲೆ ನೀನೇ ಒಂದ್ ಒಳ್ಳೇ ಕಾಯಿ ಆರಿಸಿ ಸಾಹೇಬ್ರ ಕೈಗೆ ಕೊಡ್ತೀಯ, ಅವರು ಒಡೀತಾರೆ, ಮುಗೀತು. ನಾಳೆ ಇಲ್ಲೇ. ನಿಂಗೊಂದು ಮನೆ ಬರಸ್ಕೊಡ್ತಾರೆ."

"ಇಲ್ದಿದ್ರೆ?"

"ಇಲ್ದಿದ್ರೆ ಈ ಗೋಡೌನಿಗೆ ನೀನು ಯಾಕೆ ಬರ್ತೀಯ?" ಅವನು ನಗುತ್ತಲೇ ಅಂದ. "ನೀನೊಬ್ಳೇ ಅಲ್ಲ, ನಿನ್ ಕಾಲೋನಿಯ ಹನ್ನೊಂದು ಜನ."

ಅವನು ಹೋದ ಮೇಲೆ ಪಕ್ಕದಲ್ಲಿ ಚಿಪ್ಪು ಒಡೆಯುತ್ತಿದ್ದ ಭೈರಮ್ಮ ಕತ್ತಿ ಕೆಳಗಿಟ್ಟಳು. ಅವಳೂ ಕಾಲೋನಿಯವಳೇ.

"ಯೋಳ್ಬುಡೇ ಓಬಿ. ಒಂದ್ ಮಾತು. ಈ ಕೊಬ್ರಿ ಕೆಲ್ಸ ಬಿಟ್ರೆ ಬ್ಯಾರೆ ಏನೈತೆ ನಮ್ಗೆ?"

"ನಾನು ತಪ್ಪು ಆರಿಸಿದೆ ಅಂದ್ರೆ ಅವ್ನ ಕೈ ಸರಿಯಾಗೋಯ್ತದೆ ಕಣೇ."

"ಆಗ್ಲಿ ಬುಡು, ಸಾಯ್ಲಿ!"

"ನನ್ ಗಂಡ ಸರಿಯಾದ್ನಾ?"

ಭೈರಮ್ಮ ಅವಳ ಮುಖವನ್ನೇ ನೋಡಿದಳು. ನೋಡುತ್ತ ನೋಡುತ್ತ ಅವಳ ಕಣ್ಣು ಅಗಲವಾದವು.

"ಓಬಿ... ಅದು ಕೆಟ್ಟಿದ್ದು ನಿಂಗೆ..."

"ಚಿಪ್ಪು ಒಡಿ ನೀನು," ಅಂದಳು ಓಬಮ್ಮ.

ಭೈರಮ್ಮ ಕತ್ತಿ ತೆಗೆದುಕೊಂಡಳು. ಆಮೇಲೆ ಸಂಜೆಯವರೆಗೂ ಅವಳು ಯೋಳ್ಬುಡು ಅನ್ನಲಿಲ್ಲ.

ಮಾರನೆಯ ದಿನ ಹನ್ನೊಂದರ ಬಿಸಿಲಿಗೆ ಮೂರು ಕಾರು ಬಂದವು. ಏಟನ್ನು ಮೊಬೈಲಿನಲ್ಲಿ ಹಿಡಿದು ಬಿಟ್ಟಿದ್ದ ಚಾನೆಲ್ಲಿನ ಹುಡುಗಿ ಜೀವಿತಾಳನ್ನೇ ಗಂಗಾಧರ್ ಕರೆಸಿದ್ದ. ವೀಡಿಯೊ ಕತ್ತರಿಸಿ ಅಂಟಿಸಿದ್ದಾರೆ ಅಂತ ನಾಳೆ ಯಾರೂ ಆಡಿಕೊಳ್ಳಬಾರದು, ಅದಕ್ಕೇ ನೇರ ಪ್ರಸಾರ. ಪೂಜಾರಿ ಬಂದ. ಕಲ್ಲು ತೊಳೆದು ಹೂ ಇಟ್ಟರು. ಮರುಳಪ್ಪ ಹೊಸ ಬಿಳಿ ಅಂಗಿಯಲ್ಲಿದ್ದ. ಹತ್ತು ದಿನಕ್ಕೆ ಅವನ ಗಲ್ಲ ಇಳಿದಿತ್ತು.

ಮೊಬೈಲು ಚಾಲೂ ಆಗುವ ಮುಂಚೆ ಅವನು ಓಬಮ್ಮನ ಹತ್ತಿರ ಬಂದು ದನಿ ತಗ್ಗಿಸಿದ. "ಸಿಟ್ನಾಗೆ ಕೈ ಮಾಡ್ದೆ ಕಣಮ್ಮ. ಮನ್ಸಿನಾಗೆ ಇಟ್ಕೋಬ್ಯಾಡ."

"ಬುದ್ಧಿ, ಒಂದು ಕೇಳ್ತೀನಿ. ನನ್ ಗಂಡ ಕುಡಿದಿದ್ನಾ?"

ಮರುಳಪ್ಪ ಗಂಗಾಧರನ ಕಡೆ ನೋಡಿದ. ಮತ್ತೆ ಇವಳ ಕಡೆ. ಇವತ್ತು ಇವಳ ಮನಸ್ಸು ಅವನಿಗೆ ಬೇಕಾಗಿತ್ತು.

"ಇಲ್ಲ ಬುಡು. ನಂಗ್ ಗೊತ್ತಿಲ್ವಾ? ಅವನು ಕುಡಿಯೋನಲ್ಲ."

"ಅದನ್ನ ಆ ಫೋನಿಗೆ ಯೋಳಿ. ಆಮ್ಯಾಕೆ ನೀವು ಕೇಳಿದ್ದೆಲ್ಲಾ ಯೋಳ್ತೀನಿ."

"ಸತ್ತು ಮಣ್ಣಾದೋನ ಮಾತು ಈಗ್ಯಾಕೆ? ಕೇಸು ತಿರಗಾ ಎದ್ರೆ ನಾನೇನು ಮಾಡ್ಲಿ?" ಅವನ ಹಳೆಯ ದನಿ ಒಂದು ಗಳಿಗೆ ಮೇಲೆದ್ದು ಮತ್ತೆ ಕೆಳಗಿಳಿಯಿತು. "ಅದೆಲ್ಲಾ ಬ್ಯಾಡ ಕಣಮ್ಮ. ಕಾಯಿ ಕೆಲಸ ಮುಗಿಸೋಣ."

"ಸರಿ ಬುದ್ಧಿ," ಅಂದಳು ಓಬಮ್ಮ.

ಮೊಬೈಲು ಎದ್ದಿತು. ಓಬಮ್ಮ ರಾಶಿಯ ಮುಂದೆ ಕೂತು ಒಂದೊಂದೇ ಕಾಯಿ ಎತ್ತಿ ಕಿವಿಗೆ ಹಿಡಿದಳು. ಅವಸರ ಮಾಡಲಿಲ್ಲ. ಅಲ್ಲಾಡಿಸುವುದು, ಇಡುವುದು. ಅಲ್ಲಾಡಿಸುವುದು, ಇಡುವುದು. ಹನ್ನೊಂದು ಹೆಂಗಸರು ಕತ್ತಿ ಕೆಳಗಿಟ್ಟು ನೋಡುತ್ತಿದ್ದರು. ಕೊನೆಗೆ ಒಂದನ್ನು ಎತ್ತಿಕೊಂಡು ಎದ್ದಳು. ಅದನ್ನು ಮರುಳಪ್ಪನ ಕಿವಿಯ ಹತ್ತಿರವೇ ಹಿಡಿದು ಅಲ್ಲಾಡಿಸಿದಳು. ನೀರು ಒಳಗೆ ಟಣಟಣ ಬಡಿಯಿತು. ಅವನ ಮುಖ ಅರಳಿತು.

"ಹೇಳಮ್ಮ," ಎಂದು ಜೀವಿತಾ ಮೈಕು ಚಾಚಿದಳು. "ಅವತ್ತಿನ ಕಾಯಿ ಹೇಗೆ ಕೆಡ್ತು? ನಿಮ್ಮಿಂದ ತಪ್ಪಾಯ್ತಾ?"

ಓಬಮ್ಮ ಮೊಬೈಲಿನ ಕಡೆ ತಿರುಗಿದಳು. ಜೀವಮಾನದಲ್ಲಿ ಒಂದು ಸುಳ್ಳೂ ಆಡಿದವಳಲ್ಲ. ಕೊರಳ ಹತ್ತಿರ ಕೈ ಹೋಯಿತು. ಗಂಡನ ತುಳಸಿಮಣಿ ಅಲ್ಲಿತ್ತು.

"ನಂದೇನ್ ತಪ್ಪಾಗ್ಲಿಲ್ಲ ಕಣವ್ವ. ಮೂವತ್ತು ವರ್ಸದಾಗೆ ನನ್ ಕಿವಿ ತಪ್ಪಿಲ್ಲ. ಬೇಕಾದ್ರೆ ಇವ್ರುನ್ನೇ ಕೇಳು." ಅವಳು ಹೆಂಗಸರ ಕಡೆ ಕೈ ತೋರಿಸಿದಳು.

"ತಪ್ಪಿಲ್ಲ," ಅಂದಳು ಭೈರಮ್ಮ, ದೊಡ್ಡದಾಗಿ.

"ಅವತ್ತಿನ ಕಾಯೂ ಹಿಂಗೇ ಟಣಟಣ ಅಂತಿತ್ತು. ನಾನೇ ಆಡ್ಸಿ, ಕೇಳಿ ಕೊಟ್ಟೆ. ನನ್ ಕೈಲಿದ್ದಾಗ ಚೆನ್ನಾಗಿತ್ತು." ಅವಳು ಮರುಳಪ್ಪನ ಕಡೆ ಬೊಟ್ಟು ಮಾಡಿದಳು. "ಅವ್ರ ಕೈಗೋದ್ ಮ್ಯಾಲೆ ಕೆಡ್ತು."

ಪೂಜಾರಿ ಹಿಂದಕ್ಕೆ ಸರಿದ. "ಲೈವ್ ನಿಲ್ಸಮ್ಮ! ನಿಲ್ಸು!" ಎಂದು ಗಂಗಾಧರ್ ಹಲ್ಲು ಕಚ್ಚಿ ಹೇಳಿದ. ಜೀವಿತಾ ನಿಲ್ಲಿಸಲಿಲ್ಲ. ಒಂದು ಹೆಜ್ಜೆ ಮುಂದೆಯೇ ಬಂದಳು. ಮರುಳಪ್ಪನ ಕೈ ತಾನಾಗಿ ಮೇಲೇಳಲು ಹೋಯಿತು. ಅರ್ಧಕ್ಕೆ ಎದ್ದ ಕೈಯನ್ನು ಮೊಬೈಲು ನೋಡುತ್ತಿದೆ ಎಂದು ನೆನಪಾಗಿ, ಅದನ್ನೇ ಅವನು ಬೊಗಸೆ ಮಾಡಿ ಚಾಚಿದ. ಬೆವರು ಹೊಸ ಅಂಗಿಯ ಕಾಲರಿಗೆ ಇಳಿಯುತ್ತಿತ್ತು.

"ಅಮ್ಮಾ ಓಬಮ್ಮ," ಅಂದ. ದನಿ ನಡುಗುತ್ತಿತ್ತು. ಅದು ನಾಟಕವಲ್ಲ, ನಿಜವಾದ ಹೆದರಿಕೆ. "ಹಂಗನ್ಬ್ಯಾಡ. ಆ ಕಾಯಿ ಚೆನ್ನಾಗೈತೆ, ನಾನೇ ಕೇಳಿಸ್ಕಂಡೆ. ನಿನ್ ಕೈಯಾರ ಕೊಡು ತಾಯಿ. ಇಲ್ಲೇ, ಎಲ್ಲಾರ ಮುಂದೆ ಒಡೀತೀನಿ. ನಿನ್ ಕಾಲಿಗೆ ಬೀಳ್ತೀನಿ, ಒಂದ್ ಕಾಯಿ ಕೊಡು."

ಓಬಮ್ಮ ಕಾಯಿಯನ್ನು ಸೆರಗಿನೊಳಕ್ಕೆ ಎಳೆದುಕೊಂಡು ಹೊಟ್ಟೆಗೆ ಅವಚಿ ಹಿಡಿದಳು.

"ಕೊಡಾಕಿಲ್ಲ ಕಣೋ ಮರುಳಪ್ಪ."