ಗಾಳಿ ಕುಡಿದ ತೂಕ

ನೂರಜಾನಬಿ ಹದಿನೆಂಟು ವರ್ಷದಿಂದ ಕೂದಲು ಬಿಡಿಸುತ್ತಿದ್ದಳು. ಕೊಪ್ಪಳದ ಗೋದಾಮೊಂದರಿಂದ ಗಂಟುಗಟ್ಟಿದ ಕೂದಲು ಮನೆಗೆ ತಂದು, ಸಿಕ್ಕು ಬಿಡಿಸಿ, ಮರಳಿ ಒಪ್ಪಿಸುವ ಕೆಲಸ. ಆ ಸೆಪ್ಟೆಂಬರಿನಲ್ಲಿ ಒಂದು ವಾರ ಜಿಟಿಜಿಟಿ ಮಳೆ ಹಿಡಿದಿತ್ತು. ಅದರಲ್ಲೇ ಹತ್ತು ಕೆಜಿ ತೂಗಿಸಿಕೊಂಡು ಬಂದಳು. ಮರುದಿನದಿಂದ ಬಿಸಿಲು ಚುರುಗುಟ್ಟಿತು, ಅವಳ ತಗಡಿನ ಮನೆ ಕಾದುಹೋಯಿತು. ಎಂಟನೆಯ ದಿನ ಬಿಡಿಸಿದ ಕೂದಲು, ಉದುರಿದ ಕಸ ಎಲ್ಲ ಕೂಡಿಸಿ ಗೋದಾಮಿನಲ್ಲಿ ತೂಗಿದರೆ ಒಂಬತ್ತು ಕೆಜಿ ನೂರು ಗ್ರಾಂ ಬಂತು.

ಗುಮಾಸ್ತ ಹನುಮೇಶ ಹನ್ನೆರಡು ಹೆಂಗಸರ ಮುಂದೆ, ಉಳಿದದ್ದನ್ನು ಯಾರಿಗೆ ಮಾರಿದೆ ಎಂದು ಕೇಳಿದ. ಅವಳ ಊಟದ ಚೀಲವನ್ನೂ ಬಿಚ್ಚಿಸಿದ. ಅವಳು ಡಬ್ಬಿ ತೆಗೆದು ಅವನ ಮುಂದೆ ಕುಕ್ಕಿದಳು.

"ನೀವು ಕೊಟ್ಟಾಗ ಕೂದಲು ಥಂಡಿ ಗಾಳಿ ಕುಡದಿತ್ರಿ. ನಮ್ಮನ್ಯಾಗ ಒಣಗೇತಿ. ಮತ್ತ ಥಂಡ್ಯಾಗ ಇಟ್ಟು ತೂಗ್ರಿ, ಆಮ್ಯಾಲ ಕಳ್ಳಿ ಅನ್ರಿ," ಎಂದಳು.

ಗದ್ದಲ ಕೇಳಿ ಸಾಹುಕಾರ ದೇವೇಂದ್ರಪ್ಪ ಹೊರಗೆ ಬಂದ. ಕೂದಲು ತೊಳೆಯುವ ತೊಟ್ಟಿಯ ಕೋಣೆಯಲ್ಲಿ ಗೋಡೆಗಳು ಸದಾ ಬೆವರುತ್ತಿದ್ದವು. ಅಲ್ಲಿ, ನೀರು ತಾಗದಂತೆ, ಕೂದಲನ್ನು ಹಗ್ಗದ ಮೇಲೆ ಹರವಿಸಿ, ಬೀಗ ಹಾಕಿ, ಕೀಲಿಯನ್ನು ತಾನೇ ಇಟ್ಟುಕೊಂಡ. ಎರಡು ದಿನ ಬಿಟ್ಟು ಅದೇ ಹೆಂಗಸರ ಎದುರು ತೂಗಿದಾಗ ಒಂಬತ್ತು ಕೆಜಿ ಎಂಟುನೂರು ಗ್ರಾಂ. ಒಂದೆಳೆಯನ್ನೂ ಯಾರೂ ಸೇರಿಸಿರಲಿಲ್ಲ. ಉಳಿದ ಇನ್ನೂರು ಗ್ರಾಂ ಬಿಡಿಸುವಾಗ ಹಾರಿಹೋದ ಧೂಳು.

ದೇವೇಂದ್ರಪ್ಪ ನಕ್ಕು, ಆಯ್ತು ಬಿಡು, ಹೊಸ ಗಂಟು ಒಯ್ಯಿ ಎಂದ. ಹನುಮೇಶ ಮೊಬೈಲು ನೋಡುತ್ತ ನಿಂತಿದ್ದ. ಸಾಹುಕಾರನ ಆ ನಗೆಯೇ ನೂರಜಾನಬಿಯ ಮೈ ಉರಿಸಿತು. ಹೋದ ಬೇಸಿಗೆಯಲ್ಲಿ, ಕೊಪ್ಪಳ ಜಿಲ್ಲೆಯದೇ ಹಳ್ಳಿಯಾದ ಮಂಗಳೂರಿನ ಫಕೀರಮ್ಮನನ್ನು ಹೀಗೇ ತೂಕ ಇಳಿದದ್ದಕ್ಕೆ ಕಳ್ಳಿ ಎಂದು ಕೆಲಸ ಬಿಡಿಸಿದ್ದರು. ಆಕೆ ಅತ್ತುಕೊಂಡೇ ಬಸ್ಸು ಹತ್ತಿದ್ದನ್ನು ಅಲ್ಲಿದ್ದವರೆಲ್ಲ ನೋಡಿದ್ದರು.

"ನನಗ ಅಂದದ್ದು ಇಲ್ಲೇ ವಾಪಸ್ ತಗೋರಿ. ಫಕೀರಮ್ಮಗ ಅಂದದ್ದು ಆಕಿ ಊರಿಗೆ ಹೋಗಿ ತಗೋರಿ. ಅಲ್ಲಿತನಕ ನಾ ಗಂಟು ಮುಟ್ಟೂದಿಲ್ರಿ, ಸಾವ್ಕಾರ್ರ."

ಹಿಂದೆ ನಿಂತಿದ್ದ ಹುಲಗೆಮ್ಮ ತನ್ನ ಗಂಟನ್ನು ಕೆಳಗಿಟ್ಟಳು. ಉಳಿದವರೂ ಇಟ್ಟರು.

ಮೂರನೆಯ ದಿನ ಹನುಮೇಶ ಆ ಹೆಂಗಸರ ಮುಂದೆಯೇ ನೂರಜಾನಬಿಗೆ ಅಂದದ್ದನ್ನು ವಾಪಸ್ ತೆಗೆದುಕೊಂಡ. ಆಮೇಲೆ ದೇವೇಂದ್ರಪ್ಪ ಅವನನ್ನು ಕರೆದುಕೊಂಡು ಮಂಗಳೂರಿಗೆ ಹೋದ. ನೂರಜಾನಬಿಯೂ ಜೊತೆಗಿದ್ದಳು. ಹನುಮೇಶ ತಲೆ ತಗ್ಗಿಸಿ, ತಪ್ಪು ನಮ್ಮದು, ಕೆಲಸಕ್ಕೆ ಬಾ ಎಂದ. ಫಕೀರಮ್ಮ ಬಾಗಿಲಲ್ಲಿ ನಿಂತೇ ಕೇಳಿಸಿಕೊಂಡಳು. ನೂರಜಾನಬಿಯನ್ನು ಒಳಗೆ ಕರೆದು ಚಹಾಕ್ಕಿಟ್ಟಳು. ಅವರಿಬ್ಬರಿಗೆ ಕೂಡ್ರಿ ಅನ್ನಲಿಲ್ಲ.